ನೆಲ ಮುಟ್ಟುವ ವಿದ್ಯೆ

(ಮೈಸೂರಿನಲ್ಲಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಮುಂದೆ ಆಡಿದ ಮಾತು)



ಪಾಳಿ ಮುಗಿಸಿ ನಂಜನಗೂಡು ರಸ್ತೆಯಲ್ಲಿ ಬರುವಾಗ ಮಂಡಕಳ್ಳಿಯ ಬಳಿ ನಿಂತು ತಲೆಯೆತ್ತಿ ನೋಡಿದವರು ನಮ್ಮಲ್ಲಿ ಅನೇಕರಿದ್ದೇವೆ. ಪುಟ್ಟ ತರಬೇತಿ ವಿಮಾನ ಸುತ್ತು ಹಾಕಿ ಬರುತ್ತಿತ್ತು, ಗಾಲಿಯನ್ನು ನೆಲಕ್ಕೆ ತಾಕಿಸುತ್ತಿತ್ತು, ನಿಲ್ಲದೆ ಮತ್ತೆ ಮೇಲೇರುತ್ತಿತ್ತು. ಉಳ್ಳವರ ಮಕ್ಕಳ ಆಟವೆಂದು ನಾವು ನಕ್ಕದ್ದೂ ಉಂಟು. ಆಟವಲ್ಲ ಅದು. ಹಾರುವುದಕ್ಕಿಂತ ಇಳಿಯುವುದೇ ಕಷ್ಟವಾದ ವಿದ್ಯೆ. ಆ ಪಾಠಕ್ಕಾಗಿಯೇ ಅಷ್ಟು ಸುತ್ತು.

2022ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿ ಪುಟ್ಟ ಸೆಸ್ನಾ ವಿಮಾನವೊಂದು ಇಳಿಯುವಾಗ ಮಗುಚಿ ಬಿತ್ತು. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಮೇಲೆದ್ದ ತರಬೇತಿ ವಿಮಾನ ಕೆಟ್ಟು, ಹೊನ್ನಿಹಾಳದ ಹೊಲದಲ್ಲಿ ಇಳಿಯಿತು. ಒಳಗಿದ್ದ ಇಬ್ಬರೂ ಬದುಕಿದರು. ಇಂಥ ಸುದ್ದಿ ಬಂದ ದಿನ ಹೋಟೆಲಿನ ಬೆಂಚಿನ ಮೇಲೆ ಕೇಳುವ ಪ್ರಶ್ನೆ ಒಂದೇ: ತಪ್ಪು ಯಾರದು?

ಕಲಿಯುವವನ ಕೈಯಲ್ಲಿ ಏನಾಗುತ್ತದೆಂಬುದನ್ನು ಮೊದಲು ತಿಳಿಯೋಣ. ಸೆಸ್ನಾ 172ರಂಥ ವಿಮಾನ ಇಳಿಯಲು ಬರುವುದು ಗಂಟೆಗೆ ಸುಮಾರು 120 ಕಿಲೋಮೀಟರ್ ವೇಗದಲ್ಲಿ. ನೆಲ ಹತ್ತಿರವಾದಾಗ ಮೂತಿಯನ್ನು ಮೆಲ್ಲನೆ ಎತ್ತಿ, ಹಿಂದಿನ ಎರಡು ಗಾಲಿ ಮೊದಲು ತಾಕುವಂತೆ ಮಾಡಬೇಕು. ವೇಗ ಹೆಚ್ಚಿದ್ದರೆ ಅದು ಚೆಂಡಿನಂತೆ ಪುಟಿಯುತ್ತದೆ. ಹೆದರಿದ ಹುಡುಗ ಮೂತಿಯನ್ನು ಕೆಳಕ್ಕೆ ಒತ್ತುತ್ತಾನೆ. ಆಗ ಮುಂದಿನ ಸಣ್ಣ ಗಾಲಿಯ ಮೇಲೆ ಇಡೀ ಭಾರ ಬೀಳುತ್ತದೆ. ಅದು ಅಷ್ಟು ಹೊರಲು ಮಾಡಿದ್ದಲ್ಲ. ಮುರಿಯುತ್ತದೆ, ಪಂಖ ನೆಲಕ್ಕೆ ಬಡಿಯುತ್ತದೆ. ಪುಟಿದೊಡನೆ ಎಂಜಿನ್ನಿಗೆ ಪೂರ್ತಿ ಬಲ ಕೊಟ್ಟು ಮೇಲೆದ್ದು, ಇನ್ನೊಂದು ಸುತ್ತು ಹಾಕಿ ಬರುವುದೇ ಸರಿಯಾದ ದಾರಿ.

ಆದರೆ ಇನ್ನೊಂದು ಸುತ್ತಿಗೆ ಹಣ ಬೇಕು! ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು, ಒಟ್ಟು ಖರ್ಚು ಹತ್ತಾರು ಲಕ್ಷ. ಮನೆ ಅಡವಿಟ್ಟು ಮಗನನ್ನು ಕಳಿಸಿದ ಅಂಗಡಿಯವನಿಗೆ ಪ್ರತಿ ನಿಮಿಷವೂ ಲೆಕ್ಕ. ಆ ಲೆಕ್ಕ ಹುಡುಗನ ತಲೆಯಲ್ಲೂ ಓಡುತ್ತಿರುವುದಿಲ್ಲವೇ? ಪಾಠ ಬಲಿಯುವ ಮೊದಲೇ ಅವನನ್ನು ಒಬ್ಬನೇ ಹಾರಲು ಬಿಟ್ಟವರುಂಟೇ? ವಿಮಾನವನ್ನು ಹೊತ್ತಿಗೆ ಸರಿಯಾಗಿ ಬಿಚ್ಚಿ ನೋಡಿದ್ದರೇ?

ಗಿರಣಿಯಲ್ಲಿ ಹೊಸಬನ ಬೆರಳು ಯಂತ್ರಕ್ಕೆ ಸಿಕ್ಕಾಗ ‘ಅಜಾಗರೂಕತೆ’ ಎಂಬ ಒಂದೇ ಮಾತಿನಿಂದ ಕಡತ ಮುಚ್ಚಿದ್ದನ್ನು ನಾವು ಕಂಡಿದ್ದೇವೆ. ವಿಮಾನದ ವಿಷಯದಲ್ಲಿ ಲೋಕ ಬೇರೆ ನಿಯಮ ಮಾಡಿಕೊಂಡಿದೆ. ಅಪಘಾತದ ತನಿಖೆ ತಪ್ಪು ಹೊರಿಸುವುದಕ್ಕಲ್ಲ, ಮತ್ತೆ ಆಗದಂತೆ ತಡೆಯುವುದಕ್ಕೆ ಎಂಬುದು ಅಂತರರಾಷ್ಟ್ರೀಯ ಒಪ್ಪಂದ. ನಮ್ಮ ದೇಶದಲ್ಲೂ 2012ರಲ್ಲಿ ಇದಕ್ಕೆಂದು ಪ್ರತ್ಯೇಕ ತನಿಖಾ ಸಂಸ್ಥೆ ಏರ್ಪಟ್ಟಿತು. ಅದರ ವರದಿಗಳನ್ನು ಯಾರು ಬೇಕಾದರೂ ಓದಬಹುದು. ಮಗ್ಗದ ಮುಂದೆ ಕೈ ಕಳೆದುಕೊಂಡವನಿಗೂ ಅಂಥ ತನಿಖೆ ಏಕೆ ಬೇಡ? ಇರಲಿ, ಅದು ಇನ್ನೊಂದು ಸಭೆಯ ಮಾತು.

2023ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಬಾರಾಮತಿಯಲ್ಲಿ ಒಂದೇ ವಾರದೊಳಗೆ ಎರಡು ತರಬೇತಿ ವಿಮಾನಗಳು ಅಪಘಾತಕ್ಕೀಡಾದವು. ಹೊನ್ನಿಹಾಳದ ವಿಮಾನವೂ ಅದೇ ಸಂಸ್ಥೆಯದು. ಆಗ ವಿಮಾನಯಾನ ನಿರ್ದೇಶನಾಲಯ ಆ ಸಂಸ್ಥೆಯ ತರಬೇತಿಯನ್ನೇ ತಡೆದು ನಿಲ್ಲಿಸಿತು. ಪ್ರಶ್ನೆ ಹುಡುಗರನ್ನು ದಾಟಿ ಶಾಲೆಯ ಬಾಗಿಲಿಗೆ ಬಂದದ್ದು ಹೀಗೆ. ಆದರೆ ಅದಕ್ಕೆ ಅಷ್ಟು ವಿಮಾನಗಳು ಬೀಳಬೇಕಾಯಿತು.

ಆದ್ದರಿಂದ, ನಿಮ್ಮಲ್ಲಿ ಯಾರಾದರೂ ಮಗನನ್ನೋ ಮಗಳನ್ನೋ ಈ ವಿದ್ಯೆಗೆ ಕಳಿಸುವುದಾದರೆ ಶುಲ್ಕ ಎಷ್ಟೆಂದು ಕೇಳಿ ಸುಮ್ಮನೆ ಬರಬೇಡಿ. ಗುರುಗಳು ಎಷ್ಟು ಜನ, ವಿಮಾನ ನೋಡಿಕೊಳ್ಳುವ ಎಂಜಿನಿಯರು ಯಾರು, ಒಬ್ಬನೇ ಹಾರಬಹುದೆಂದು ಸಹಿ ಹಾಕುವವರು ಯಾರು ಎಂದು ಕೇಳಿ. ಇನ್ನೊಂದು ಸುತ್ತು ಹಾಕಿದರೆ ಅದರ ದುಡ್ಡು ಯಾರ ಲೆಕ್ಕಕ್ಕೆ ಎಂಬುದನ್ನೂ ಕೇಳಿ, ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ.