ರಜೆಯಲ್ಲಿ ಒಂದು ಪ್ರಶ್ನೆ ಕಲಿಯಿರಿ

(ದಾವಣಗೆರೆಯಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು ಹಾಗೂ ಮಿಲ್ ಕಾರ್ಮಿಕರ ಮುಂದೆ ಮಾಡಿದ ಭಾಷಣ)



ಮೊದಲ ವರ್ಷದ ಓದು ಮುಗಿಸಿ ಬೇಸಿಗೆ ರಜೆಗೆ ಹೊರಟ ತರುಣ ತರುಣಿಯರಿಗೆ ನಾಲ್ಕು ಮಾತು ಹೇಳಬೇಕೆಂದು ಕರೆದಿದ್ದೀರಿ. ವಿಶ್ರಾಂತಿ ಬೇಡವೆಂದು ನಾನು ಹೇಳುವುದಿಲ್ಲ. ಎಂಟು ಗಂಟೆಯ ದುಡಿಮೆಗಾಗಿ ಹೋರಾಡಿದ ವರ್ಗ ನಮ್ಮದು. ವಿರಾಮದ ಬೆಲೆ ನಮಗೆ ಗೊತ್ತು. ಊರಿಗೆ ಹೋಗಿ, ತಾಯಿಯ ಕೈ ಊಟ ಮಾಡಿ, ಕಣ್ತುಂಬ ನಿದ್ದೆ ಮಾಡಿ. ಆದರೆ ಎರಡು ವಾರವನ್ನು ನಮಗೆ ಕೊಡಿ.

ವರ್ಷವಿಡೀ ನೀವು ಸತ್ತವರ ಶ್ವಾಸಕೋಶವನ್ನು ಕೊಯ್ದು ನೋಡಿದ್ದೀರಿ. ಅದು ಬದುಕಿದ್ದಾಗ ಎಂಥ ಗಾಳಿ ಕುಡಿಯಿತೆಂದು ಆ ಮೇಜು ಹೇಳುವುದಿಲ್ಲ. ಇಟಲಿಯ ವೈದ್ಯ ರಾಮಝೀನಿ 1700ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ರೋಗಿಯನ್ನು ಕೇಳುವ ಹಳೆಯ ಪ್ರಶ್ನೆಗಳಿಗೆ ಇನ್ನೊಂದನ್ನು ಸೇರಿಸಿದ: ನಿನ್ನ ಕಸುಬು ಏನು?

ಹತ್ತಿ ಮಿಲ್ಲಿನ ಬ್ಲೋರೂಮು, ಕಾರ್ಡಿಂಗ್ ಖಾತೆಗಳಲ್ಲಿ ದೂಳು ಹೆಚ್ಚು. ಭಾನುವಾರದ ರಜೆ ಕಳೆದು ಸೋಮವಾರ ಕೆಲಸಕ್ಕೆ ಹೋದವನಿಗೆ ಎದೆ ಬಿಗಿಯುತ್ತದೆ. ದಿನ ಕಳೆದಂತೆ ಸಡಿಲವಾಗುತ್ತದೆ. ವರ್ಷಗಳು ಉರುಳಿದರೆ ಬಿಗಿತ ವಾರವೆಲ್ಲ ಉಳಿಯುತ್ತದೆ. ಇದೇ ಬಿಸಿನೋಸಿಸ್. ಮೊದಮೊದಲೇ ದೂಳಿನಿಂದ ದೂರವಾದರೆ ಚೇತರಿಸಿಕೊಳ್ಳಬಹುದು. ತಡವಾದರೆ ಶ್ವಾಸಕೋಶ ಹಿಂದಿನಂತಾಗುವುದಿಲ್ಲ. 1948ರ ಇ.ಎಸ್.ಐ. ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ ಇದನ್ನು ಉದ್ಯೋಗದಿಂದ ಬರುವ ರೋಗವೆಂದು ಸೇರಿಸಲಾಗಿತ್ತು. ಅಂದರೆ ಇದು ಪರಿಹಾರದ ಹಕ್ಕಿನ ಮಾತು. ಆದರೆ ಸೋಮವಾರದ ವಿಚಾರ ಕೇಳದೆ ವೈದ್ಯರು ‘ಬೀಡಿ ಕೆಮ್ಮು’ ಎಂದು ಚೀಟಿ ಬರೆದರೆ ಆ ಹಕ್ಕು ಎಲ್ಲಿಂದ ಬರಬೇಕು?

ಆದ್ದರಿಂದ ನಿಮ್ಮ ಅಧ್ಯಾಪಕರ ಒಪ್ಪಿಗೆ ಪಡೆದು, ಅವರ ಮೇಲ್ವಿಚಾರಣೆಯಲ್ಲಿ ನಮ್ಮ ಕೇರಿಗಳಿಗೆ ಬನ್ನಿ. ಮುಚ್ಚಿದ ಮಿಲ್ಲುಗಳ ಹಳೆಯ ಕಾರ್ಮಿಕರ ಮನೆಗೂ ಹೋಗಿ. ಯಾವ ಖಾತೆ, ಎಷ್ಟು ವರ್ಷ, ಎದೆ ಬಿಗಿಯುವುದು ಯಾವ ದಿನ, ಬೀಡಿ ಎಷ್ಟು—ಕೇಳಿ ಬರೆಯಿರಿ. ಪೀಕ್ ಫ್ಲೋ ಮೀಟರಿನಲ್ಲಿ ಊದಿಸಿ, ಸೋಮವಾರ ಪಾಳಿಯ ಮುಂಚೆ ಒಮ್ಮೆ, ಪಾಳಿ ಬಿಟ್ಟಮೇಲೆ ಒಮ್ಮೆ ಅಳೆಯಿರಿ. ಔಷಧಿ ಮಾತ್ರ ಕೊಡಬೇಡಿ. ಒಂದು ವರ್ಷದ ಓದಿಗೆ ಆ ಅಧಿಕಾರವಿಲ್ಲ. ಕೆಮ್ಮು ಎರಡು ವಾರ ಮೀರಿದ್ದರೆ ಕ್ಷಯವೂ ಇರಬಹುದು. ಕಫ ಪರೀಕ್ಷೆಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಹೆಸರುಗಳು ಗುಟ್ಟಾಗಿರಲಿ. ಕೆಮ್ಮುವವನೆಂದು ತಿಳಿದರೆ ಗೇಟಿನಲ್ಲೇ ಬೇಡವೆನ್ನುವ ಮಾಲೀಕರುಂಟು.

ವರ್ತಕರೇ, ಕಾಯಿಲೆಯಿಂದ ಪಗಾರ ತಪ್ಪಿದ ಮನೆಯ ಕಥೆ ನಿಮ್ಮ ಉದ್ದರಿ ಪುಸ್ತಕದಲ್ಲಿದೆ. ದುಡಿಯುವವನ ಉಸಿರು ಕುಂದಿದರೆ ನಿಮ್ಮ ಬಾಕಿಯೂ ನಿಲ್ಲುತ್ತದೆ. ಈ ಮಕ್ಕಳಿಗೆ ಕೂರಲು ಕಟ್ಟೆ ಕೊಡಿ, ಕೇರಿಯ ದಾರಿ ತೋರಿಸಿ. ಕಾರ್ಮಿಕ ಬಂಧುಗಳೇ, ಅವರ ಮುಂದೆ ಕೆಮ್ಮನ್ನು ಮುಚ್ಚಿಡಬೇಡಿ.

ವಿದ್ಯಾರ್ಥಿ ಮಿತ್ರರೇ, ನಾಳೆ ನಿಮ್ಮ ಬಾಗಿಲಲ್ಲಿ ರೋಗಿಗಳ ಸಾಲು ನಿಂತಿರುತ್ತದೆ. ಒಬ್ಬೊಬ್ಬರಿಗೆ ಎರಡು ನಿಮಿಷ ಸಿಕ್ಕೀತು. ಆಗಲೂ ಕಸುಬಿನ ಪ್ರಶ್ನೆ ತಾನಾಗಿ ಬಾಯಿಗೆ ಬರಬೇಕಾದರೆ, ಈ ರಜೆಯಲ್ಲೇ ಅದು ರೂಢಿಯಾಗಬೇಕು.