ದುಡಿಯುವವನ ಗುಂಡಿಗೆಯ ಲೆಕ್ಕ ಇಡುವವರು ಯಾರು?

(ಜನವಾಡದ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



"ನಿನ್ನೆ ಸಂಜೆ ನಗುನಗುತ್ತ ಮಾತಾಡಿದ್ದ, ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟ." ಈ ಮಾತು ಕೇಳದ ಓಣಿ ನಮ್ಮಲ್ಲಿ ಯಾವುದಿದೆ? ಹಣೆಬರಹವೆಂದು ನಿಟ್ಟುಸಿರಿಟ್ಟು ಎಲ್ಲರೂ ಮನೆಗೆ ಹೋಗುತ್ತಾರೆ. ಇಂಥ ಸಾವುಗಳೆಲ್ಲ ಹಣೆಬರಹವಲ್ಲ, ಹಲವಕ್ಕೆ ಮೊದಲೇ ಸೂಚನೆಯಿರುತ್ತದೆ ಎಂದು ಹೇಳಲು ನಾವು ಬಂದಿದ್ದೇವೆ.

ಬೇಳೆ ಗಿರಣಿಯಲ್ಲಿ ದುಡಿಯುವವರಿಗೆ ಗೊತ್ತು: ಬೇರಿಂಗು ಒಡೆಯುವ ಮೊದಲು ಯಂತ್ರದ ಸದ್ದು ಬದಲಾಗುತ್ತದೆ. ಹೃದಯವೂ ಒಂದು ಪಂಪು. ತನ್ನೊಳಗೇ ಹುಟ್ಟುವ ಸಣ್ಣ ವಿದ್ಯುತ್ತಿನಿಂದ ಅದು ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100 ಸಲ ಬಡಿಯುತ್ತದೆ. ಆ ವಿದ್ಯುತ್ತನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವುದೇ ಇ.ಸಿ.ಜಿ. ಇದಕ್ಕಾಗಿ ಹಾಲೆಂಡಿನ ವಿಜ್ಞಾನಿ ಐಂಥೋವನ್ 1924ರಲ್ಲಿ ನೊಬೆಲ್ ಬಹುಮಾನ ಪಡೆದರು. 1905ರಲ್ಲೇ ಅವರು ಆಸ್ಪತ್ರೆಯ ರೋಗಿಯ ಹೃದಯದ ಸಂಕೇತವನ್ನು ಟೆಲಿಫೋನು ತಂತಿಯ ಮೂಲಕ ಸುಮಾರು ಒಂದೂವರೆ ಕಿಲೋಮೀಟರು ದೂರದ ಪ್ರಯೋಗಶಾಲೆಗೆ ತರಿಸಿಕೊಂಡಿದ್ದರು.

ಈ ಗೆರೆಯಲ್ಲಿ ವೈದ್ಯರು ನೋಡುವುದೇನು? ಹಿಂದೆ ಆದ ಹೃದಯಾಘಾತದ ಗುರುತು ಕಾಣಬಹುದು. ಹೃದಯದ ಕೆಳಕೋಣೆಗಳು ಒಮ್ಮೆ ಕೆರಳಿ ಮತ್ತೆ ಶಾಂತವಾಗಲು ಹಿಡಿಯುವ ಕಾಲವನ್ನೂ ಅಳೆಯುತ್ತಾರೆ. ಅದು ಅರ್ಧ ಸೆಕೆಂಡು ಮೀರಿದರೆ ಅಪಾಯ. ಹುಟ್ಟಿನಿಂದ ಬಂದ ದೋಷ, ಕೆಲವು ಔಷಧಗಳು, ವಾಂತಿಭೇದಿಯಿಂದ ದೇಹದ ಲವಣ ಕರಗುವುದು ಇದಕ್ಕೆ ಕಾರಣವಾಗಬಲ್ಲವು. ಇಂಥ ಹೃದಯದ ಲಯ ಫಕ್ಕನೆ ಕೆಟ್ಟು, ಕೆಳಕೋಣೆಗಳು ಬಡಿಯುವ ಬದಲು ಬರಿದೇ ಅದುರತೊಡಗಿದರೆ ರಕ್ತದ ಓಟ ನಿಲ್ಲುತ್ತದೆ. ಆಗ ಎದೆ ಒತ್ತುವವರೂ ಇಲ್ಲದೆ, ವಿದ್ಯುತ್ ಆಘಾತದ ಚಿಕಿತ್ಸೆ ತಡವಾದರೆ, ಬದುಕುವ ಸಾಧ್ಯತೆ ನಿಮಿಷಕ್ಕೆ ಶೇಕಡ 7ರಿಂದ 10ರಷ್ಟು ಇಳಿಯುತ್ತದೆ.

ಒಂದು ಸಲದ ಗೆರೆ ಸರಿಯಿತ್ತೆಂದು ನಿಶ್ಚಿಂತರಾಗಬಾರದು. ಕೆಲವರಿಗೆ 24 ಗಂಟೆ ಗೆರೆ ಹಿಡಿಯುವ ಹೋಲ್ಟರ್ ಯಂತ್ರ ಬೇಕಾಗುತ್ತದೆ. ಮೂಟೆ ಹೊರುವಾಗ ಎಚ್ಚರ ತಪ್ಪಿದ್ದರೆ, ಮನೆತನದಲ್ಲಿ ಎಳೆವಯಸ್ಸಿನವರು ಹಠಾತ್ತನೆ ತೀರಿಹೋಗಿದ್ದರೆ, ವೈದ್ಯರಿಗೆ ಮುಚ್ಚಿಡದೆ ಹೇಳಬೇಕು.

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, 46ನೆಯ ವಯಸ್ಸಿನಲ್ಲಿ, ಹಠಾತ್ತನೆ ತೀರಿಕೊಂಡರು. ರಾಜ್ಯ ಸರ್ಕಾರ 2023ರಲ್ಲಿ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯನ್ನು ಪ್ರಕಟಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಗೆರೆಯನ್ನು ಗಣಕಯಂತ್ರದ ನೆರವಿನಿಂದ ಓದಿ, ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರ ಸಲಹೆ ಪಡೆದು, ಹತ್ತಾರು ಸಾವಿರ ರೂಪಾಯಿಯ ಚುಚ್ಚುಮದ್ದನ್ನು ಉಚಿತವಾಗಿ ಕೊಡುವುದು ಅದರ ಉದ್ದೇಶ. ಇದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಇದು ಎದೆನೋವು ಬಂದ ಮೇಲಿನ ಮಾತು. ನೋವು ಬರುವ ಮೊದಲು ಗೆರೆ ನೋಡುವವರು ಯಾರು? ಸಿರಿವಂತ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸುತ್ತಾನೆ. ಕೂಲಿಕಾರನಿಗೆ ಬೀದರಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಅಂಗಡಿಯವನಿಗೆ ಒಂದು ದಿನದ ಗಿರಾಕಿ ಹೋದಂತೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಬಗ್ಗೆ ನಮಗೆ ತಕರಾರುಗಳಿವೆ. ಆದರೂ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ, ನಿಗದಿಪಡಿಸಿದ ವಯಸ್ಸಿನ ಕಾರ್ಮಿಕರಿಗೆ ಮಾಲೀಕನೇ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಮಾಡಿಸಬೇಕೆಂಬ ಮಾತಿದೆ. ಅದನ್ನು ಕಾಗದದಲ್ಲೇ ಉಳಿಯಗೊಡಬಾರದು.

ಆದ್ದರಿಂದ ನಮ್ಮ ಬೇಡಿಕೆಗಳು ಇವು: ಆ ತಪಾಸಣೆಯಲ್ಲಿ ಇ.ಸಿ.ಜಿ. ಸೇರಲಿ, ಆ ದಿನದ ಕೂಲಿ ಕಡಿಯದಿರಲಿ. ಮಾಲೀಕನಿಲ್ಲದ ಸಣ್ಣ ವ್ಯಾಪಾರಿಗೂ ಹಮಾಲನಿಗೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲೇ ಅದು ದೊರೆಯಲಿ. ಕೇಂದ್ರದಲ್ಲಿ ಯಂತ್ರದ ಜೊತೆಗೆ ಅದನ್ನು ನಡೆಸುವವನೂ ಇರಲಿ. ಪ್ರತಿ ಕಾರ್ಖಾನೆಯಲ್ಲಿ ಆಘಾತ ಕೊಡುವ ಯಂತ್ರವೂ ಎದೆ ಒತ್ತಲು ಕಲಿತ ನಾಲ್ಕು ಜನರೂ ಇರಲಿ.

ಯಂತ್ರಕ್ಕೆ ಎಣ್ಣೆ ಬಿಡಲು ಮರೆಯದ ಮಾಲೀಕನಿಗೆ, ಯಂತ್ರ ನಡೆಸುವವನ ಗುಂಡಿಗೆಯನ್ನೂ ನೆನಪಿಸೋಣ. ಇದು ನಾವು ಬೇಡುವ ಭಿಕ್ಷೆಯಲ್ಲ, ದುಡಿದವನ ಹಕ್ಕು.