ದೇಶಗಳ ನಡುವಿನ ವ್ಯಾಜ್ಯ ಮತ್ತು ಮಧ್ಯಸ್ಥಿಕೆಯ ದಾರಿ



ಮಣ್ಣು ನೀರಿನ ಬಗ್ಗೆ ಓದಿಕೊಂಡವನಿಗೆ ಅಂತಾರಾಷ್ಟ್ರೀಯ ಕಾನೂನಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ದೇಶಗಳು ಪರಸ್ಪರ ಜಗಳವಾಡುವುದು ಬಹಳಷ್ಟು ಸಲ ನದಿಗಾಗಿ, ದ್ವೀಪಕ್ಕಾಗಿ, ಕಡಲಿನ ತಳದ ಎಣ್ಣೆಗಾಗಿ. ಆ ಜಗಳಗಳು ಹೇಗೆ ಬಗೆಹರಿಯುತ್ತವೆ ಎಂಬುದು ನೀರನ್ನು ನಂಬಿ ಬದುಕುವವರಿಗೆ ಸಂಬಂಧವಿಲ್ಲದ ವಿಷಯವಲ್ಲ.

ನಮ್ಮೂರಿನ ಒಂದು ಸಂಗತಿಯಿಂದ ಆರಂಭಿಸುತ್ತೇನೆ. ಮೇಲಿನ ತೋಟದವರಿಗೂ ಕೆಳಗಿನ ತೋಟದವರಿಗೂ ಬೇಸಿಗೆಯ ಹಳ್ಳದ ನೀರಿನ ವಿಷಯದಲ್ಲಿ ವ್ಯಾಜ್ಯವಿತ್ತು. ನ್ಯಾಯಾಲಯದಿಂದ ತಡೆಯಾಜ್ಞೆ ಬಂತು, ತೀರ್ಪೂ ಬಂತು. ತೀರ್ಪು ಹಕ್ಕು ಯಾರದೆಂದು ಹೇಳಿತೇ ಹೊರತು ಫಾಲ್ಗುಣ ಚೈತ್ರದಲ್ಲಿ ಹಳ್ಳ ಸೊರಗಿದಾಗ ಎರಡು ತೋಟಗಳೂ ಉಳಿಯುವುದು ಹೇಗೆಂದು ಹೇಳಲಿಲ್ಲ. ಕೊನೆಗೆ ಇಬ್ಬರಿಗೂ ನೆಂಟರಾದ ಹಿರಿಯರೊಬ್ಬರು ಒಂದು ಸಂಜೆ ಕಟ್ಟಿನ ಬಳಿ ಕುಳಿತು, ಹಗಲು ಒಬ್ಬರಿಗೆ, ರಾತ್ರಿ ಇನ್ನೊಬ್ಬರಿಗೆ, ಹೂಳೆತ್ತುವ ಖರ್ಚು ಇಬ್ಬರಿಗೂ ಎಂದು ಒಪ್ಪಿಸಿದರು. ಅವರು ಯಾರ ಮೇಲೂ ಆಜ್ಞೆ ಮಾಡಲಿಲ್ಲ; ಆ ಅಧಿಕಾರವೂ ಅವರಿಗಿರಲಿಲ್ಲ.

ಅಧಿಕಾರವಿಲ್ಲದ ಈ ಮೂರನೆಯವನನ್ನೇ ಇಂದಿನ ಮಾತಿನಲ್ಲಿ ಮಧ್ಯಸ್ಥನೆಂದು ಕರೆಯುತ್ತೇನೆ. ಕನ್ನಡದಲ್ಲಿ ಈ ಪದವನ್ನು ಪಂಚಾಯಿತಿ ನಡೆಸಿ ತೀರ್ಪು ಕೊಡುವವರಿಗೂ ಬಳಸುವುದುಂಟು. ಕಾನೂನಿನಲ್ಲಿ ಇವೆರಡೂ ಬೇರೆ. ಪಂಚರು ಕೊಟ್ಟ ತೀರ್ಪು ಕಕ್ಷಿದಾರರನ್ನು ಕಟ್ಟಿಹಾಕುತ್ತದೆ. ಮಧ್ಯಸ್ಥನ ಸಲಹೆಯಾದರೋ ಅವರು ಒಪ್ಪಿದರೆ ಮಾತ್ರ ಒಪ್ಪಂದವಾಗುತ್ತದೆ. ವಿಶ್ವಸಂಸ್ಥೆಯ ಸನ್ನದಿನ 33ನೆಯ ವಿಧಿಯು ಮಾತುಕತೆ, ವಿಚಾರಣೆ, ಮಧ್ಯಸ್ಥಿಕೆ, ಸಂಧಾನ, ಪಂಚಾಯಿತಿ, ನ್ಯಾಯಾಲಯ ಮುಂತಾದ ದಾರಿಗಳನ್ನು ಒಂದೇ ಉಸಿರಿನಲ್ಲಿ ಹೆಸರಿಸಿದೆ. ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯವು ಎಷ್ಟೇ ಘನವಾದುದಾದರೂ, ಒಪ್ಪಿಗೆ ಕೊಡದ ದೇಶವನ್ನು ಕಟಕಟೆಗೆ ಎಳೆಯಲಾರದು.

ನಾನು ಸ್ವಲ್ಪ ಆಳವಾಗಿ ಓದಿರುವುದು ಸಿಂಧೂ ನದಿಯ ಪ್ರಕರಣವನ್ನು. 1947ರ ವಿಭಜನೆಯಲ್ಲಿ ಪಂಜಾಬಿನ ಕಾಲುವೆಗಳ ತಲೆ ಭಾರತದಲ್ಲಿ ಉಳಿಯಿತು, ಅವು ಉಣಿಸುತ್ತಿದ್ದ ಹೊಲಗಳಲ್ಲಿ ಬಹುಭಾಗ ಪಾಕಿಸ್ತಾನಕ್ಕೆ ಹೋಯಿತು. 1948ರ ಏಪ್ರಿಲ್ 1ರಂದು ಪೂರ್ವ ಪಂಜಾಬ್ ಕಾಲುವೆಗಳ ನೀರನ್ನು ನಿಲ್ಲಿಸಿತು. ಬಿತ್ತನೆಯ ಕಾಲದಲ್ಲಿ ನೀರು ನಿಂತರೆ ರೈತನ ಗತಿಯೇನೆಂದು ನಿಮಗೆ ವಿವರಿಸಬೇಕಿಲ್ಲ. ಮೇ ತಿಂಗಳಿನಲ್ಲಿ ತಾತ್ಕಾಲಿಕ ಒಡಂಬಡಿಕೆಯಾಗಿ ನೀರು ಮತ್ತೆ ಹರಿಯಿತಾದರೂ ವ್ಯಾಜ್ಯ ಉಳಿಯಿತು. ಪಾಕಿಸ್ತಾನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗೋಣವೆಂದಿತು, ಭಾರತ ಒಪ್ಪಲಿಲ್ಲ. ಅಲ್ಲಿಗೆ ಕಾನೂನಿನ ಬಾಗಿಲು ಮುಚ್ಚಿತು.

1951ರಲ್ಲಿ ಅಮೆರಿಕದ ಟೆನ್ನೆಸ್ಸಿ ಕಣಿವೆ ಪ್ರಾಧಿಕಾರದ ಮಾಜಿ ಅಧ್ಯಕ್ಷ ಡೇವಿಡ್ ಲಿಲಿಯೆಂತಾಲ್ ಎರಡೂ ದೇಶಗಳನ್ನು ಸುತ್ತಿ, ಇದನ್ನು ರಾಜಕೀಯದ ಜಗಳವೆಂದು ನೋಡದೆ ಎಂಜಿನಿಯರಿಂಗ್ ಸಮಸ್ಯೆಯೆಂದು ನೋಡಿ, ಇಡೀ ಕೊಳ್ಳವನ್ನು ಒಟ್ಟಾಗಿ ನಿರ್ವಹಿಸಿ ಎಂದು ಬರೆದರು. ಆ ಮಾತನ್ನು ಹಿಡಿದುಕೊಂಡು ವಿಶ್ವಬ್ಯಾಂಕಿನ ಅಧ್ಯಕ್ಷ ಯೂಜೀನ್ ಬ್ಲ್ಯಾಕ್ ಎರಡೂ ಸರ್ಕಾರಗಳಿಗೆ ಪತ್ರ ಬರೆದರು. 1952ರಲ್ಲಿ ವಾಷಿಂಗ್ಟನ್ನಿನಲ್ಲಿ ಎಂಜಿನಿಯರುಗಳು ಕೂತರು. ಕೂಡಿ ಬಾಳುವ ಯೋಜನೆ ಎರಡು ವರ್ಷದೊಳಗೆ ಬಿದ್ದುಹೋಯಿತು. 1954ರ ಫೆಬ್ರವರಿಯಲ್ಲಿ ಬ್ಯಾಂಕು ತಾನೇ ಒಂದು ಪ್ರಸ್ತಾವ ಮುಂದಿಟ್ಟಿತು: ಪೂರ್ವದ ಸಟ್ಲೆಜ್, ಬಿಯಾಸ್, ರಾವಿ ಭಾರತಕ್ಕೆ, ಪಶ್ಚಿಮದ ಸಿಂಧೂ, ಝೇಲಂ, ಚೀನಾಬ್ ಪಾಕಿಸ್ತಾನಕ್ಕೆ. ಒಂದು ಕೊಳ್ಳವನ್ನು ದೇಹವೆಂದೇ ತಿಳಿಯುವ ನನ್ನಂಥವನಿಗೆ ಇದು ಎರಡನೆಯ ವಿಭಜನೆಯಂತೆ ಕಾಣುತ್ತದೆ. ಆದರೆ ಒಪ್ಪಿಗೆಯಾದದ್ದು ಅದೇ.

ಅದಕ್ಕೂ ಇನ್ನು ಆರು ವರ್ಷ ಬೇಕಾಯಿತು. ಪೂರ್ವದ ನದಿಗಳಿಂದ ಉಣ್ಣುತ್ತಿದ್ದ ಪಾಕಿಸ್ತಾನದ ಹೊಲಗಳಿಗೆ ಪಶ್ಚಿಮದ ನದಿಗಳ ನೀರನ್ನು ತರಲು ದೊಡ್ಡ ಜೋಡಣೆ ಕಾಲುವೆಗಳೂ ಅಣೆಕಟ್ಟುಗಳೂ ಬೇಕಿದ್ದವು. ಅದರ ಹಣ ಯಾರದು? ನ್ಯಾಯಾಧೀಶನ ಬಳಿ ಇಂಥ ಪ್ರಶ್ನೆಗೆ ಉತ್ತರವಿರುವುದಿಲ್ಲ. ಅವನು ಇದ್ದದ್ದನ್ನು ಹಂಚಬಲ್ಲ, ಇಲ್ಲದ್ದನ್ನು ತರಲಾರ. ಬ್ಯಾಂಕು ಹಲವು ದೇಶಗಳನ್ನು ಒಪ್ಪಿಸಿ ಸುಮಾರು 90 ಕೋಟಿ ಡಾಲರ್‌ಗಳ ನಿಧಿಯನ್ನು ಕಟ್ಟಿತು. ಭಾರತ ಹತ್ತು ಕಂತುಗಳಲ್ಲಿ 6 ಕೋಟಿ 20 ಲಕ್ಷ ಪೌಂಡ್‌ಗಳಿಗಿಂತ ಸ್ವಲ್ಪ ಹೆಚ್ಚು ಕೊಡಲು ಒಪ್ಪಿತು. 1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ನೆಹರೂ, ಅಯೂಬ್ ಖಾನ್, ಮತ್ತು ಬ್ಯಾಂಕಿನ ಪರವಾಗಿ ಇಲಿಫ್ ಸಹಿ ಹಾಕಿದರು. 1965 ಮತ್ತು 1971ರ ಯುದ್ಧಗಳನ್ನು ಆ ಒಪ್ಪಂದ ದಾಟಿ ಬಂತು.

ತೀರ್ಪು ಸೋತು ಮಧ್ಯಸ್ಥಿಕೆ ಗೆದ್ದ ಪ್ರಕರಣ ದಕ್ಷಿಣ ಅಮೆರಿಕದ ತುದಿಯಲ್ಲಿದೆ. ಬೀಗಲ್ ಕಾಲುವೆಯ ಮೂರು ಪುಟ್ಟ ದ್ವೀಪಗಳು ಚಿಲಿಯವೆಂದು 1977ರಲ್ಲಿ ಪಂಚಾಯಿತಿ ತೀರ್ಪಾಯಿತು. ಅರ್ಜೆಂಟೀನಾ ಮರುವರ್ಷ ಅದನ್ನು ಅಸಿಂಧುವೆಂದು ಸಾರಿತು. 1978ರ ಡಿಸೆಂಬರಿನಲ್ಲಿ ಎರಡೂ ಸೇನೆಗಳು ಎದುರುಬದುರಾಗಿ ನಿಂತಿದ್ದವು. ಆಗ ಪೋಪ್ ಎರಡನೆಯ ಜಾನ್ ಪಾಲರು ಕಾರ್ಡಿನಲ್ ಅಂತೋನಿಯೋ ಸಮೊರೆ ಎಂಬ ವೃದ್ಧರನ್ನು ಕಳುಹಿಸಿದರು. ಮಾತುಕತೆ ಆರು ವರ್ಷ ಎಳೆಯಿತು. ಫಲ ಕಾಣುವ ಮೊದಲೇ, 1983ರಲ್ಲಿ, ಸಮೊರೆ ತೀರಿಕೊಂಡರು. 1984ರ ಒಪ್ಪಂದದಲ್ಲಿ ದ್ವೀಪಗಳು ಚಿಲಿಗೇ ಉಳಿದವು, ಅವುಗಳಾಚೆಯ ಅಟ್ಲಾಂಟಿಕ್ ಕಡಲಿನ ಬಹುಭಾಗ ಅರ್ಜೆಂಟೀನಾಕ್ಕೆ ಬಂತು. ನೆಲದ ವಿಷಯದಲ್ಲಿ ಫಲಿತಾಂಶ ತೀರ್ಪಿನಂತೆಯೇ ಇತ್ತೆಂಬುದನ್ನು ಗಮನಿಸಿ. ಹೇಳಿದ ರೀತಿ ಬೇರೆ, ಜೊತೆಗೆ ಕೊಟ್ಟದ್ದು ಬೇರೆ.

ಈಚಿನದು ಪೂರ್ವ ಟಿಮೋರಿನ ಕಥೆ. 2002ರ ಮೇ ತಿಂಗಳಿನಲ್ಲಿ ಆ ಪುಟ್ಟ ದೇಶ ಸ್ವತಂತ್ರವಾಯಿತು. ಅದಕ್ಕೆ ಎರಡು ತಿಂಗಳ ಮೊದಲು, ಕಡಲ ಗಡಿಯ ವ್ಯಾಜ್ಯಗಳಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯಗಳ ಕಡ್ಡಾಯ ವ್ಯಾಪ್ತಿಯಿಂದ ಆಸ್ಟ್ರೇಲಿಯಾ ಹೊರಗೆ ಸರಿದಿತ್ತು. ಕಡಲ ತಳದಲ್ಲಿ ಅನಿಲವಿತ್ತಲ್ಲ! ನ್ಯಾಯಾಲಯದ ಬಾಗಿಲು ಮುಚ್ಚಿದ ಮೇಲೆ ಟಿಮೋರ್ 2016ರಲ್ಲಿ ವಿಶ್ವಸಂಸ್ಥೆಯ ಕಡಲ ಕಾನೂನಿನಡಿ ಕಡ್ಡಾಯ ಸಂಧಾನವನ್ನು ಕೋರಿತು. ಐವರ ಆಯೋಗದ ಮುಂದೆ ಬರುವುದು ಕಡ್ಡಾಯ, ಒಪ್ಪುವುದು ಐಚ್ಛಿಕ. ಇಂಥ ವಿಧಾನ ಬಳಕೆಯಾದದ್ದು ಅದೇ ಮೊದಲು. 2018ರ ಮಾರ್ಚ್ 6ರಂದು ಗಡಿಯ ಒಪ್ಪಂದಕ್ಕೆ ಸಹಿಯಾಯಿತು.

ವ್ಯಾಪಾರದ ವ್ಯಾಜ್ಯಗಳಿಗೂ ಈ ಗಾಳಿ ಬೀಸಿದೆ. ಮಧ್ಯಸ್ಥಿಕೆಯಿಂದಾದ ಒಪ್ಪಂದವನ್ನು ಬೇರೆ ದೇಶದಲ್ಲೂ ಜಾರಿ ಮಾಡಿಸಲು ಅನುವಾಗುವ ಸಿಂಗಪುರ ಒಡಂಬಡಿಕೆಗೆ 2019ರ ಆಗಸ್ಟ್ 7ರಂದು ಭಾರತವೂ ಸೇರಿ 46 ದೇಶಗಳು ಸಹಿ ಹಾಕಿದವು. 2023ರಲ್ಲಿ ನಮ್ಮಲ್ಲಿ ಮಧ್ಯಸ್ಥಿಕೆ ಕಾಯ್ದೆಯೂ ಬಂತು. 2025ರ ಮೇ 30ರಂದು ಚೀನಾದ ಮುಂದಾಳತ್ವದಲ್ಲಿ ಹಾಂಕಾಂಗಿನಲ್ಲಿ ಅಂತಾರಾಷ್ಟ್ರೀಯ ಮಧ್ಯಸ್ಥಿಕೆ ಸಂಸ್ಥೆಯ ಸ್ಥಾಪನಾ ಒಡಂಬಡಿಕೆಗೆ ಸಹಿಯಾಯಿತು. ಹಳೆಯದೊಂದು ಪೊಲೀಸ್ ಠಾಣೆಯ ಕಟ್ಟಡ ಅದರ ಕಚೇರಿ. 2016ರಲ್ಲಿ ದಕ್ಷಿಣ ಚೀನಾ ಸಮುದ್ರದ ಬಗ್ಗೆ ಬಂದ ಪಂಚಾಯಿತಿ ತೀರ್ಪನ್ನು ಅದೇ ದೇಶ ತಿರಸ್ಕರಿಸಿತ್ತೆಂಬುದನ್ನೂ ನೆನಪಿಡಬೇಕು. ತೀರ್ಪಿಗೆ ತಲೆಬಾಗದ ಬಲಿಷ್ಠರಿಗೆ ಮಧ್ಯಸ್ಥಿಕೆ ಅನುಕೂಲದ ಅಡ್ಡದಾರಿಯೂ ಆಗಬಹುದು. ದುರ್ಬಲನಿಗೆ ಕೆಲವೊಮ್ಮೆ ತೀರ್ಪೇ ಬೇಕು.

ನನ್ನನ್ನು ಹೆಚ್ಚು ಕಾಡುವುದು ಬೇರೊಂದು. ಈ ಮೇಜುಗಳ ಸುತ್ತ ಯಾರು ಕೂತಿದ್ದರು? ಸಿಂಧೂ ಒಪ್ಪಂದದ ಫಲವಾಗಿ 1967ರಲ್ಲಿ ಝೇಲಂ ನದಿಗೆ ಮಂಗಲಾ ಅಣೆಕಟ್ಟು ಪೂರ್ಣಗೊಂಡಿತು. ಮೀರ್‌ಪುರದ ಸುತ್ತಲಿನ ಒಂದು ಲಕ್ಷಕ್ಕೂ ಹೆಚ್ಚು ಜನ ಮನೆ, ಹೊಲ, ಗೋರಿಗಳನ್ನು ಬಿಟ್ಟು ಎದ್ದರು. ಎಷ್ಟೋ ಮಂದಿ ಇಂಗ್ಲೆಂಡಿನ ಗಿರಣಿಗಳಿಗೆ ಹೋದರು. ಈಗಲೂ ನೀರು ಇಳಿದಾಗ ಹಳೆಯ ಊರಿನ ಗುಡಿ, ದರ್ಗಾಗಳು ತಲೆಯೆತ್ತುತ್ತವೆ. ಶರಾವತಿಯ ಹಿನ್ನೀರನ್ನು ಕಂಡ ನಮಗೆ ಆ ದೃಶ್ಯ ಹೊಸದಲ್ಲ. ಇತ್ತ ಭಾರತದ ಪಾಲಿನ ಕಾಶ್ಮೀರದ ಬೆಟ್ಟದ ಜನರಿಗೆ ತಮ್ಮ ಅಂಗಳದ ಝೇಲಂ, ಚೀನಾಬ್ ನದಿಗಳ ಮೇಲೆ ಸೀಮಿತ ಬಳಕೆಯ ಹಕ್ಕು ಮಾತ್ರ ಉಳಿಯಿತು. 2002ರಲ್ಲಿ ಅಲ್ಲಿನ ವಿಧಾನಸಭೆ ಒಪ್ಪಂದದ ಮರುಪರಿಶೀಲನೆಗೆ ನಿರ್ಣಯ ಮಾಡಿತು. ನದಿ ಹುಟ್ಟುವ, ಇಳಿಯುವ ನೆಲದವರನ್ನು ಆ ಒಂಬತ್ತು ವರ್ಷಗಳಲ್ಲಿ ಕೇಳಿದ್ದರೆ ಒಪ್ಪಂದವೇ ಆಗುತ್ತಿರಲಿಲ್ಲವೇನೋ. ಅಥವಾ ಇನ್ನೂ ಗಟ್ಟಿಯಾಗುತ್ತಿತ್ತೇನೋ. ನನಗೆ ಎರಡನೆಯದರ ಕಡೆಗೇ ಒಲವು.

ಬ್ಯಾಂಕು ಸಹಿಯ ನಂತರ ಹಿಂದೆ ಸರಿಯಿತು. ಭಿನ್ನಾಭಿಪ್ರಾಯ ಬಂದರೆ ತಟಸ್ಥ ತಜ್ಞ, ಅದನ್ನೂ ಮೀರಿದರೆ ಪಂಚಾಯಿತಿ ನ್ಯಾಯಮಂಡಳಿ ಎಂಬ ಏರ್ಪಾಟು ಮಾತ್ರ ಉಳಿಯಿತು. ಬಗ್ಲಿಹಾರ್ ಅಣೆಕಟ್ಟಿನ ಬಗ್ಗೆ 2007ರಲ್ಲಿ ತಜ್ಞರ ನಿರ್ಧಾರ, ಕಿಶನ್‌ಗಂಗಾ ಯೋಜನೆಯ ಬಗ್ಗೆ 2013ರಲ್ಲಿ ನ್ಯಾಯಮಂಡಳಿಯ ತೀರ್ಪು ಬಂತು. ಮಾತುಕತೆಯಿಂದ ಹುಟ್ಟಿದ ಒಪ್ಪಂದ ಹೀಗೆ ಮೆಲ್ಲಗೆ ವಕೀಲರ ಕೈ ಸೇರಿತು. ಪಹಲ್ಗಾಮ್‌ನ ಹತ್ಯಾಕಾಂಡದ ಬಳಿಕ, 2025ರ ಏಪ್ರಿಲ್ 23ರಂದು, ಒಪ್ಪಂದವನ್ನು ಅಮಾನತಿನಲ್ಲಿಡುವುದಾಗಿ ಭಾರತ ಘೋಷಿಸಿತು. ಅದರ ಸರಿತಪ್ಪುಗಳನ್ನು ನೀವು ಚರ್ಚಿಸಿರಿ. ಹಿಮನದಿಗಳು ಕರಗುತ್ತಿರುವ ಈ ಕಾಲಕ್ಕೆ 1960ರ ಒಪ್ಪಂದ ಸಾಲದೆಂಬುದನ್ನಂತೂ ಕೃಷಿ ವಿಜ್ಞಾನಿಯಾಗಿ ಹೇಳಬಲ್ಲೆ. ಹೊಸದನ್ನು ಬರೆಯಲು ಮತ್ತೆ ಒಬ್ಬ ಬ್ಲ್ಯಾಕ್ ಬೇಕಾದಾನು. ಆದರೆ ಕಾಶ್ಮೀರದ ವಿಷಯದಲ್ಲಿ ಮೂರನೆಯವರ ಪ್ರವೇಶವನ್ನು ಭಾರತ ಒಪ್ಪುವುದಿಲ್ಲ.

ಎರಡು ದೇಶಗಳದಲ್ಲದಿದ್ದರೂ ನಮ್ಮದೇ ನದಿಯ ಒಂದು ಪ್ರಯತ್ನವನ್ನು ಇಲ್ಲಿ ಹೇಳಬೇಕು. 2003ರಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ರೈತರು ಚೆನ್ನೈಯಲ್ಲಿ ಸೇರಿ ‘ಕಾವೇರಿ ಕುಟುಂಬ’ವನ್ನು ಕಟ್ಟಿಕೊಂಡರು, ಒಂದು ಸಂಶೋಧನಾ ಸಂಸ್ಥೆಯ ವಿದ್ವಾಂಸರು ನಡುವೆ ನಿಂತರು. ಇಲ್ಲಿಯವರು ಅಲ್ಲಿಯ ಗದ್ದೆಗಳನ್ನು ಕಂಡರು, ಅಲ್ಲಿಯವರು ಇಲ್ಲಿಯ ಜಲಾಶಯಗಳನ್ನು ಕಂಡರು. ಅವರ ಮಾತಿಗೆ ಸರ್ಕಾರಗಳು ಕಟ್ಟುಬೀಳಬೇಕಿರಲಿಲ್ಲ, ಬೀಳಲೂ ಇಲ್ಲ. 2007ರಲ್ಲಿ ನ್ಯಾಯಮಂಡಳಿಯ ಅಂತಿಮ ತೀರ್ಪು, 2018ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದವು. ಮಳೆ ಕೈಕೊಟ್ಟ ವರ್ಷ ಸಂಕಷ್ಟವನ್ನು ಹೇಗೆ ಹಂಚಿಕೊಳ್ಳಬೇಕೆಂದು ಆ ರೈತರು ಅಂದು ಎತ್ತಿದ ಪ್ರಶ್ನೆ, 2023ರಲ್ಲಿ ಮಳೆ ಕೈಕೊಟ್ಟಾಗ ಮತ್ತೆ ಬೀದಿಗೆ ಬಂತು.

ವಿದ್ಯಾರ್ಥಿಗಳು ಪ್ರಶ್ನೆಗಳನ್ನು ಬರೆದುಕೊಂಡು ಬಂದಿದ್ದೀರೆಂದು ತಿಳಿಯಿತು. ಸಮಯವಿದೆ, ಕೇಳಿರಿ.